ಲಾರಿಯ ಬಾಗಿಲಿನ ಮೇಲೊಂದು ಹೆಸರು

ಹಳೆಯ ದುಡಿಮೆಯ ಲಾರಿಯೊಂದನ್ನು ಕೊಂಡು, ಅದಕ್ಕೆ ಮರಳಿ ಜೀವ ತುಂಬುವ ಹವ್ಯಾಸ ಅಮೆರಿಕದಲ್ಲಿ ಬಹು ಜನರಿಗುಂಟು. 1939ರ ಷೆವರ್ಲೆ ಲಾರಿಯೊಂದು ಅಂತಹವನೊಬ್ಬನ ಕೈಸೇರಿತೆನ್ನಿ. ಎರಡು ವರ್ಷ ದುಡಿದು ಯಂತ್ರವನ್ನು ಬಿಚ್ಚಿ ಜೋಡಿಸಿದ್ದಾಯಿತು. ನೆಗ್ಗಿದ ತಗಡನ್ನು ತಟ್ಟಿ ನೇರ್ಪಡಿಸಿ, ಕಡುಹಸಿರು ಬಣ್ಣವನ್ನು ಬಳಿದದ್ದೂ ಆಯಿತು. ಉಳಿದದ್ದು ಬಾಗಿಲಿನ ಮೇಲೊಂದು ಬರಹ. ಅದೇನು ಮಹಾ, ಅರ್ಧ ದಿನದ ಕೆಲಸವೆಂದು ಯಜಮಾನ ಭಾವಿಸುತ್ತಾನೆ. ಎರಡು ವರ್ಷದ ಶ್ರಮ ನೀರಿನಲ್ಲಿ ಹೋಮವಾಗುವುದು ಆ ಅರ್ಧ ದಿನದಲ್ಲಿಯೇ!

ಮೊದಲನೆಯ ತಪ್ಪು ಕಂಪ್ಯೂಟರಿನ ಮುಂದೆ ಕುಳಿತು ಅಚ್ಚಿನ ಅಕ್ಷರಮಾದರಿಯನ್ನು ಆರಿಸುವುದು. ಎಲ್ಲೆಡೆಯೂ ಕಾಣುವ ಹೆಲ್ವೆಟಿಕಾ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, 1957ರಲ್ಲಿ. 1939ರ ಬಾಗಿಲಿನ ಮೇಲೆ ಅದನ್ನು ಬರೆಸುವುದು ಮೊಮ್ಮಗನ ಅಂಗಿಯನ್ನು ತಾತನಿಗೆ ತೊಡಿಸಿದಂತೆ. ಹಳೆಯ ಮಾದರಿಯನ್ನೇ ಹುಡುಕಿ ತೆಗೆದರೂ ಕಷ್ಟ ಪೂರ್ತಿಯಾಗಿ ತೀರದು. ಏಕೆಂದರೆ ಅಂದಿನ ಫಲಕಗಾರ ಅಚ್ಚಿನ ಮೊಳೆಗಳನ್ನು ನಕಲು ಮಾಡಿದವನಲ್ಲ. ಕುಂಚ ಎಳೆದಂತೆ ಅಕ್ಷರವನ್ನು ಕಟ್ಟಿದವನು. ಅಳಿಲಿನ ಕೂದಲಿನ ನೀಳವಾದ ಕುಂಚ, ಕೈ ನಡುಗದಂತೆ ಆನಿಸಿಕೊಳ್ಳಲು ಒಂದು ಕೋಲು, ಎಣ್ಣೆಯ ಎನಾಮಲ್ ಬಣ್ಣ—ಇಷ್ಟೇ ಅವನ ಬಂಡವಾಳ. ಕಾಗದದ ಮೇಲೆ ನಕ್ಷೆ ಬರೆದು, ಗೆರೆಗುಂಟ ಸಣ್ಣ ತೂತುಗಳನ್ನು ಚುಚ್ಚಿ, ಬಾಗಿಲಿಗೆ ಒತ್ತಿ ಹಿಡಿದು ಇದ್ದಿಲಿನ ಇಲ್ಲವೆ ಸೀಮೆಸುಣ್ಣದ ಪುಡಿ ತಟ್ಟಿದರೆ, ತೂತಿನ ತಟ್ಟೆಯಿಂದ ರಂಗವಲ್ಲಿ ಇಳಿದಂತೆ ಚುಕ್ಕಿಗಳು ಮೂಡುತ್ತಿದ್ದವು. ಆ ಮೇಲೆ ಕುಂಚದ ನಡೆ. ಒಂದೇ ಹೆಸರಿನಲ್ಲಿ ಎರಡು ಬಾರಿ ಬಂದ ಅಕ್ಷರ ಎರಡು ಕಡೆಯೂ ಅವಳಿಯಂತೆ ಇರುತ್ತಿರಲಿಲ್ಲ, ಅಕ್ಕತಂಗಿಯರಂತೆ ಇರುತ್ತಿತ್ತು. ನೆರಳನ್ನು ಸಾಮಾನ್ಯವಾಗಿ ಎಡಕ್ಕೆ, ಕೆಳಕ್ಕೆ ಎಳೆಯುವ ರೂಢಿಯಿತ್ತು.

ಎರಡನೆಯದು ಕಸುಬಿನ ಮಾತು. ಅಕ್ಷರದ ಅಂದಕ್ಕಿಂತ ಲಾರಿಯ ದುಡಿಮೆ ದೊಡ್ಡದು. ರೊಟ್ಟಿ, ಹಾಲು ಮಾರುವವನಿಗೆ ಬಳುಕುವ ಕೂಡಕ್ಷರ ಒಪ್ಪೀತು. ಕಲ್ಲಿದ್ದಲು, ಮರಮುಟ್ಟು ಸಾಗಿಸುವವನಿಗೆ ದೂರಕ್ಕೆ ಕಾಣುವ ದಪ್ಪನೆಯ ಸರಳಾಕ್ಷರವೇ ಸಾಕು. ಚಿನ್ನದ ರೇಕು ಅಗ್ನಿಶಾಮಕ ಬಂಡಿಗಳಿಗೆ ಭೂಷಣ; ನಲ್ಲಿ ರಿಪೇರಿಯವನ ಬಾಗಿಲಿಗೆ ಅದು ಹೊರೆ.

ಇನ್ನು ಬರಹದ ಒಡಲು. ದೂರವಾಣಿಯ ಪ್ರದೇಶ ಸಂಖ್ಯೆಗಳನ್ನು ಗೊತ್ತುಮಾಡಿದ್ದು 1947ರಲ್ಲಿ; ಅಂಚೆಯ ಜಿಪ್ ಸಂಖ್ಯೆ ಬಂದದ್ದು 1963ರಲ್ಲಿ. ಇವೆರಡರಲ್ಲಿ ಒಂದಿದ್ದರೂ ಲಾರಿ ತಾನೇ ಸುಳ್ಳು ಸಾಕ್ಷಿ ನುಡಿದಂತಾಗುವುದು. 1939ರ ಸಣ್ಣ ಊರಿನಲ್ಲಿ ಮೂರೋ ನಾಲ್ಕೋ ಅಂಕೆಯ ದೂರವಾಣಿಯೇ ಸಾಕಾಗಿತ್ತು. ಹೆಸರು, ಕಸುಬು, ಊರು, ಆ ಪುಟ್ಟ ಸಂಖ್ಯೆ—ಬಾಗಿಲು ತುಂಬಿತು.

ಸಂದೇಹ ಬಂದರೆ ಕೇಳುವುದಕ್ಕೆ ಹಿರಿಯರಿಲ್ಲದಿದ್ದರೂ ಚಿತ್ರಗಳುಂಟು. ಅಮೆರಿಕ ಸರಕಾರದ ಕೃಷಿ ಭದ್ರತಾ ಇಲಾಖೆಯ ಛಾಯಾಗ್ರಾಹಕರು 1935ರಿಂದ ಹಲವು ವರ್ಷ ದೇಶವನ್ನು ಸುತ್ತಿ, ಸಣ್ಣ ಊರುಗಳ ಬೀದಿ, ಅಂಗಡಿ, ಬಂಡಿಗಳನ್ನು ಸೆರೆಹಿಡಿದರು. ಆ ಭಂಡಾರ ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಎಲ್ಲರಿಗೂ ತೆರೆದಿದೆ. ಬಹುಪಾಲು ಕಪ್ಪು ಬಿಳುಪಾದರೂ ಸುಮಾರು 1,600 ಬಣ್ಣದ ಚಿತ್ರಗಳೂ ಅಲ್ಲಿವೆ.

ಎಲ್ಲವೂ ಸರಿಹೋದ ಮೇಲೆ ಕಠಿಣವಾದ ಪ್ರಶ್ನೆ ಉಳಿಯುತ್ತದೆ: ಬರೆಯುವುದು ಯಾರ ಹೆಸರನ್ನು? ಕೆಲವರು ಎಂದೂ ಇಲ್ಲದ ಅಂಗಡಿಯೊಂದನ್ನು ಕಲ್ಪಿಸಿ, ಹೊಸ ಅಕ್ಷರಗಳನ್ನು ಉಪ್ಪುಕಾಗದದಿಂದ ಉಜ್ಜಿ ಮುಪ್ಪು ತರಿಸುತ್ತಾರೆ. ನಿಜವಾದ ಸವಕಲಿಗೆ ಕಾರಣವುಂಟು. ಕಿಟಕಿಯಂಚು ಸವೆಯುವುದು ಚಾಲಕ ಮೊಣಕೈ ಊರುವುದರಿಂದ. ಹಿಡಿಯ ಸುತ್ತ ಸವೆಯುವುದು ದಿನವೂ ಕೈ ತಾಗುವುದರಿಂದ. ಉಜ್ಜಿದ ಮುಪ್ಪಿಗೆ ಆ ಕಾರಣವಿಲ್ಲ; ಬಲ್ಲವರ ಕಣ್ಣಿಗೆ ಅದು ನಾಟಕದ ನರೆಗಡ್ಡ.

ಆದುದರಿಂದ ಜಾಣ ಯಜಮಾನ ಹಳೆಯ ಬಣ್ಣವನ್ನು ಒಮ್ಮೆಗೇ ಕಿತ್ತುಹಾಕುವುದಿಲ್ಲ. ನೀರು ಹಚ್ಚಿ, ಪದರ ಪದರವಾಗಿ, ಮೆಲ್ಲನೆ ಉಜ್ಜುತ್ತಾನೆ. ಅಡಿಯಲ್ಲಿ ಎಂದೋ ಮುಚ್ಚಿಹೋದ ಹೆಸರೊಂದು ಮಸುಕಾಗಿ ಮೂಡಿದರೆ ಅಲ್ಲಿಗೆ ಆಯ್ಕೆ ಮುಗಿಯಿತು. ಅಕ್ಷರ, ಅಳತೆ, ಸ್ಥಾನ ಎಲ್ಲವನ್ನೂ ಹಳೆಯ ಕೈಯೇ ಹೇಳಿಕೊಟ್ಟಂತಾಯಿತು. ಅದರ ಮೇಲೆ ತನ್ನ ಹೆಸರನ್ನು ಬರೆಸುವ ಹಕ್ಕು ಅವನಿಗುಂಟು, ನಿಜ. ಹಣ ಕೊಟ್ಟವನು ಅವನು. ಆದರೆ ಆ ಲಾರಿಯಿಂದ ಸಂಸಾರ ಸಾಕಿದವನು ಬೇರೊಬ್ಬ.

ಏನೂ ಮೂಡದಿದ್ದರೆ? ಹೆಸರಿಲ್ಲದೆಯೇ ದುಡಿದ ರೈತರ ಲಾರಿಗಳೂ ಆ ಕಾಲದಲ್ಲಿ ಬೇಕಾದಷ್ಟಿದ್ದವು. ಸುಳ್ಳು ಹೆಸರಿಗಿಂತ ಬರಿಯ ಬಾಗಿಲು ಮೇಲು.