ರಜೆ ಯಾರಿಗೆ?

ಪರೀಕ್ಷೆಗಳು ಮುಗಿದು ಮಕ್ಕಳ ಪುಸ್ತಕಗಳು ಅಟ್ಟ ಸೇರಿದುವೆಂದರೆ ಚಿತ್ರದುರ್ಗದ ಕಡೆಯ ಮನೆಗಳಲ್ಲೆಲ್ಲ ಒಂದೇ ಜಪ: ಬೆಂಗಳೂರು. ಹಗಲೆಲ್ಲ ಕಾದ ಕೋಟೆಯ ಬಂಡೆಗಳು ರಾತ್ರಿ ಹತ್ತಾದರೂ ಬಿಸಿಯಾರದ ಆ ದಿನಗಳಲ್ಲಿ ಲಾಲ್‌ಬಾಗಿನ ನೆರಳನ್ನೂ ಮಸಾಲೆ ದೋಸೆಯ ಪರಿಮಳವನ್ನೂ ನೆನೆದು ಮನೆಮಂದಿ ಉಲ್ಲಸಿತರಾಗುವುದು ಸಹಜವೇ. ಮನೆಯ ಯಜಮಾನರು ಕನ್ನಡಕ ಏರಿಸಿ, ಒಂದು ಹಾಳೆಯ ಮೇಲೆ ನೋಡಬೇಕಾದ ಸ್ಥಳಗಳ ಪಟ್ಟಿ ಮಾಡತೊಡಗುತ್ತಾರೆ. ಅದೇ ಹೊತ್ತಿಗೆ ಅಡಿಗೆಮನೆಯಲ್ಲಿ ಇನ್ನೊಂದು ಪಟ್ಟಿ ಸಿದ್ಧವಾಗುತ್ತಿರುತ್ತದೆ: ಚಕ್ಕುಲಿ, ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಬುತ್ತಿಗೆ ರೊಟ್ಟಿ. ಈ ಎರಡು ಪಟ್ಟಿಗಳು ಎಂದೂ ಒಂದಾಗದಿರುವುದೇ ನಮ್ಮ ಸಂಸಾರಗಳ ಪ್ರವಾಸದ ದೊಡ್ಡ ಕೊರತೆ.

ಹೊಳಲ್ಕೆರೆಯ ಉಪಾಧ್ಯಾಯರೊಬ್ಬರ ಕುಟುಂಬದ ಸಂಗತಿಯನ್ನೇ ನೋಡಬಹುದು. ಯಜಮಾನರು, ಅವರ ತಾಯಿ, ಗೃಹಿಣಿ, ಇಬ್ಬರು ಮಕ್ಕಳು. ಬೆಂಗಳೂರಿನ ವಿಜಯನಗರದಲ್ಲಿ ಯಜಮಾನರ ತಂಗಿಯ ಮನೆ. ಮೂರು ದಿನಗಳಲ್ಲಿ ಹನ್ನೊಂದು ಸ್ಥಳಗಳನ್ನು ನೋಡುವ ಸಂಕಲ್ಪ. ಬೆಳಗಿನ ಐದು ಗಂಟೆಗೆ ಗೃಹಿಣಿ ಎದ್ದು ನಾದಿನಿಯ ಅಡಿಗೆಮನೆಯಲ್ಲಿ ಪುಳಿಯೋಗರೆ ಕಲೆಸಿ ಡಬ್ಬಿ ತುಂಬಿದಳು. ಹೊರಗೆ ತಿಂದರೆ ದುಡ್ಡು ದಂಡ, ಮಕ್ಕಳ ಹೊಟ್ಟೆ ಕೆಡುತ್ತದೆ ಎಂಬುದು ಯಜಮಾನರ ಸಿದ್ಧಾಂತ. ಸಂಜೆ ದಣಿದು ಬಂದವರಿಗೆಲ್ಲ ಮತ್ತೆ ಸಾರು, ಅನ್ನ, ಹಪ್ಪಳ. ನಾದಿನಿಯೂ ಉದ್ಯೋಗಸ್ಥೆ, ಅವಳೊಬ್ಬಳಿಗೇ ಬಿಟ್ಟು ಕುಳಿತುಕೊಳ್ಳಲು ಮನಸ್ಸು ಬರುವುದೆಂತು? ಊರಿಗೆ ಮರಳಿದ ಮೇಲೆ ನೆರೆಮನೆಯಾಕೆ ಕೇಳಿದಳು:

“ಏನ್ರೀ, ಬೆಂಗ್ಳೂರು ಹೆಂಗಿತ್ತು?”

“ಚೆನ್ನಾಗಿತ್ತು ಕಣ್ರೀ. ಪಾತ್ರೆ ತೊಳೆಯೋ ಸಿಂಕು ನಮ್ಮನೇದಕ್ಕಿಂತ ದೊಡ್ಡದು.”

ನಗೆ ಬರಿಸುವ ಉತ್ತರವೇ ಸರಿ. ಆದರೆ ಆ ನಗೆಯ ಹಿಂದೆ ಇರುವ ಆಯಾಸವನ್ನು ಎಣಿಸುವವರಾರು? ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ ಹೇಳುತ್ತದೆ. ಮನೆವಾರ್ತೆಯ ಹೆಣ್ಣಿನ ಪಾಲಿಗೆ ಎರಡೂ ಪರರಿಚ್ಛೆಯೇ. ಒಂದು ಒಲೆಯಿಂದ ಇನ್ನೊಂದು ಒಲೆಗೆ ಇನ್ನೂರು ಕಿಲೋಮೀಟರ್ ಪ್ರಯಾಣ ಮಾಡಿ ಬರುವುದನ್ನು ರಜೆ ಎನ್ನಲಾಗದು. ಮಹಾನಗರದಲ್ಲಿ ಎಲ್ಲಿ ಉಣ್ಣಬೇಕು ಎಂಬ ಪ್ರಶ್ನೆಯು ಕೇವಲ ನಾಲಗೆಯ ಚಾಪಲ್ಯದ ಪ್ರಶ್ನೆಯಲ್ಲ. ಮನೆಯವರಲ್ಲಿ ಯಾರಿಗೆ ವಿಶ್ರಾಂತಿ ದೊರೆಯಿತು ಎಂಬುದರ ಅಳತೆಗೋಲು ಅದು.

ಹೋಟೆಲಿನ ಊಟಕ್ಕೆ ದುಡ್ಡಾಗುವುದು ನಿಜ. ಆದರೆ ಹನ್ನೊಂದು ಸ್ಥಳಗಳ ಪಟ್ಟಿಯನ್ನು ಐದಕ್ಕಿಳಿಸಿದರೆ ಆಟೋರಿಕ್ಷಾದ ಬಾಡಿಗೆಯಲ್ಲೂ ಪ್ರವೇಶದ ಚೀಟಿಗಳಲ್ಲೂ ಉಳಿಯುವ ಹಣ ಒಂದು ಹೊತ್ತಿನ ತಿಂಡಿಗೆ ನೆರವಾಗುತ್ತದೆ. ಪ್ರಯಾಣದ ವೆಚ್ಚವೂ ಈಗ ಹಿಂದಿನಂತಿಲ್ಲ. 2023ರ ಜೂನ್ ತಿಂಗಳಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದಾಗಿ ರಾಜ್ಯದ ಮಹಿಳೆಯರು ಗುರುತಿನ ಚೀಟಿ ತೋರಿಸಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಸಂಚರಿಸಬಹುದು. ಹೊಸದುರ್ಗದಿಂದಲೋ ಹಿರಿಯೂರಿನಿಂದಲೋ ಹೊರಡುವ ಅಜ್ಜಿ, ಸೊಸೆ, ಮೊಮ್ಮಗಳು ಮೂವರ ಬಸ್ ಚಾರ್ಜು ಹೀಗೆ ಉಳಿಯಿತಲ್ಲ! ಆ ಉಳಿತಾಯ ಯಜಮಾನರ ಜೇಬಿನಲ್ಲೇ ಉಳಿಯದೆ ಗೃಹಿಣಿಯ ಎಲೆಗೆ ಬಂದರೆ ನ್ಯಾಯ.

ದಾರಿಯೂ ಸುಲಭ. ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್, ಚಿತ್ರದುರ್ಗದಿಂದ ಸುಮಾರು 200. ರೈಲನ್ನೇ ಮೆಚ್ಚುವ ಹೊಳಲ್ಕೆರೆಯವರಿಗೆ ಚಿಕ್ಕಜಾಜೂರು ಜಂಕ್ಷನ್ ಉಂಟು. ಹೊಸದುರ್ಗದವರಿಗೆ ಪಟ್ಟಣದಿಂದ ದೂರವಿದ್ದರೂ ಹೊಸದುರ್ಗ ರೋಡ್ ನಿಲ್ದಾಣ ಉಂಟು. ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್ಕಿನವರೆಗೆ ವಾಹನಗಳ ಸಂದಣಿಯಲ್ಲಿ ತೂಕಡಿಸಬೇಕಾಗಿಲ್ಲ. ತುಮಕೂರು ರಸ್ತೆಯಲ್ಲೇ ಇಳಿದು ಮೆಟ್ರೋ ರೈಲಿನ ಹಸಿರು ಮಾರ್ಗವನ್ನು ಹಿಡಿಯಬಹುದು. 2024ರ ನವೆಂಬರಿನಲ್ಲಿ ಈ ಮಾರ್ಗ ನಾಗಸಂದ್ರವನ್ನು ದಾಟಿ ಮಾದಾವರದವರೆಗೆ ಬೆಳೆಯಿತು. ತಿಂಡಿಪ್ರಿಯರ ಅದೃಷ್ಟವೆಂಬಂತೆ ಮಲ್ಲೇಶ್ವರಕ್ಕೆ ಸಮೀಪದ ಸಂಪಿಗೆ ರಸ್ತೆ, ಬಸವನಗುಡಿಗೆ ಸಮೀಪದ ನ್ಯಾಷನಲ್ ಕಾಲೇಜು, ಲಾಲ್‌ಬಾಗು, ಈ ಮೂರೂ ನಿಲ್ದಾಣಗಳು ಒಂದೇ ಹಸಿರು ಮಾರ್ಗದ ಮೇಲಿವೆ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ವಿಧಾನಸೌಧವೂ ಕಬ್ಬನ್ ಪಾರ್ಕೂ ದೊರೆಯುತ್ತವೆ. ಮೂರು ದಿನಗಳ ಪ್ರವಾಸಕ್ಕೆ ಇದಕ್ಕಿಂತ ಹೆಚ್ಚಿನ ಭೂಪಟ ಬೇಕಿಲ್ಲ.

ಮೊದಲ ದಿನ ಪ್ರಯಾಣದ ದಣಿವು ಆರಿದ ಮೇಲೆ ಸಂಜೆ ಮಲ್ಲೇಶ್ವರಕ್ಕೆ ಹೊರಡುವುದು ಲೇಸು. ಕಾಡು ಮಲ್ಲೇಶ್ವರನ ಗುಡಿಯೂ, ಅದರ ಎದುರಿನಲ್ಲಿ 1990ರ ದಶಕದ ಕೊನೆಗೆ ಮಣ್ಣಿನಡಿಯಿಂದ ಹೊರತೆಗೆದ ನಂದಿತೀರ್ಥವೂ ನೋಡತಕ್ಕವು. ಕಲ್ಲಿನ ನಂದಿಯ ಬಾಯಿಂದ ನೀರು ಜಿನುಗಿ ಲಿಂಗದ ಮೇಲೆ ಬೀಳುವುದನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ಮಾರ್ಗೋಸಾ ರಸ್ತೆಯಲ್ಲಿ ಸಿ.ಟಿ.ಆರ್. ಎಂದೇ ಹೆಸರಾದ ಹಳೆಯ ಟಿಫಿನ್ ರೂಮು. ಅಲ್ಲಿಯ ಬೆಣ್ಣೆ ಮಸಾಲೆ ದೋಸೆ ಹೊರಗೆ ಗರಿಗರಿ, ಒಳಗೆ ಮೃದು. ಚಿತ್ರದುರ್ಗದವರಿಗೆ ಬೆಣ್ಣೆ ದೋಸೆಯನ್ನು ಪರಿಚಯಿಸುವ ಧೈರ್ಯ ಯಾರಿಗಿದೆ ಎಂದು ಕೇಳಬಹುದು. 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೂ ದಾವಣಗೆರೆ ಅವರದೇ ಜಿಲ್ಲೆಯಲ್ಲಿತ್ತಷ್ಟೆ! ದಾವಣಗೆರೆಯ ದೋಸೆಯನ್ನು ಬಿಳಿಯ ಆಲೂಗಡ್ಡೆ ಪಲ್ಯ, ತೆಂಗಿನ ಚಟ್ನಿಗಳೊಡನೆ ಬಡಿಸುವರು. ಮಲ್ಲೇಶ್ವರದ ದೋಸೆ ಪಲ್ಯವನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿರುತ್ತದೆ. ಎರಡರಲ್ಲಿ ಯಾವುದು ಮೇಲೆಂಬ ಚರ್ಚೆ ಊರಿಗೆ ಮರಳುವವರೆಗೆ ನಡೆಯಲಿ. ಪ್ರವಾಸದ ಸೊಗಸಿನಲ್ಲಿ ಅದೂ ಒಂದು.

ಎರಡನೆಯ ದಿನ ಬಸವನಗುಡಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಸುತ್ತಣ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಆರಂಭವಾದ ಪುಟ್ಟ ಹೋಟೆಲು. ಕಾಲಕ್ರಮದಲ್ಲಿ ಕನ್ನಡದ ಸಾಹಿತಿಗಳು ಕಾಫಿ ಕುಡಿದ ತಾಣವೆಂದು ಪ್ರಸಿದ್ಧವಾಯಿತು. ಸಾಲು ಸಾಲು ದೋಸೆಯ ತಟ್ಟೆಗಳನ್ನು ತೋಳಿನ ಮೇಲೇ ಪೇರಿಸಿಕೊಂಡು ಬರುವ ಸರ್ವರನ ಚಳಕ ಮಕ್ಕಳ ಪಾಲಿಗೆ ಸರ್ಕಸ್ಸಿಗೆ ಸಮ. ಬೆಳಗ್ಗೆ ಏಳರೊಳಗೆ ಹೋದವರಿಗೆ ಕಾಯುವ ಕಷ್ಟ ಕಡಿಮೆ. ಭಾನುವಾರ ಹೋದವರಿಗೆ ತಾಳ್ಮೆಯ ಪರೀಕ್ಷೆ. ಶುಕ್ರವಾರ ಹೋದವರಿಗೆ ಮುಚ್ಚಿದ ಬಾಗಿಲು. ಐದು ಜನ ಕುಳಿತೊಡನೆ ಎಲ್ಲಕ್ಕೂ ಒಮ್ಮೆಗೇ ಹೇಳಿ ಮೇಜು ತುಂಬಿಸಬಾರದು. ಒಂದೊಂದಾಗಿ ತರಿಸಿ ಬಿಸಿಬಿಸಿಯಾಗಿ ತಿಂದರೆ ರುಚಿಯೂ ಉಂಟು, ಮಿತವೂ ಉಂಟು. ಬೆಂಗಳೂರಿನವರ ‘ಬೈ ಟು’ ಕಾಫಿಯ ಪದ್ಧತಿಯನ್ನು ಹೊರಗಿನಿಂದ ಬಂದವರು ಸಂಕೋಚವಿಲ್ಲದೆ ಅನುಸರಿಸಬಹುದು. ಒಂದು ಲೋಟದ ಕಾಫಿ ಇಬ್ಬರ ಪಾಲಾದರೆ ಅದನ್ನು ಕೃಪಣತೆಯೆಂದು ಆ ಊರಿನಲ್ಲಿ ಯಾರೂ ಎಣಿಸುವುದಿಲ್ಲ.

ದೊಡ್ಡ ಬಸವಣ್ಣ, ದೊಡ್ಡ ಗಣಪತಿಯರ ದರ್ಶನ ಮುಗಿಸಿ ಮಧ್ಯಾಹ್ನ ಲಘುವಾದ ಮೊಸರನ್ನ, ಒಂದು ನಿದ್ರೆ. ವೃದ್ಧರೂ ಮಕ್ಕಳೂ ಇರುವ ಮನೆಯವರು ಈ ನಿದ್ರೆಯನ್ನು ಪಟ್ಟಿಯಿಂದ ಎಂದೂ ಕೈಬಿಡಬಾರದು. ಸಂಜೆ ನಾಲ್ಕಕ್ಕೆ ಲಾಲ್‌ಬಾಗು. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಈಗ 240 ಎಕರೆಗಳಷ್ಟು ಹರಡಿದೆ. ಅದರ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ತೋಟದ ನಡುವಣ ಬಂಡೆಯನ್ನು ಕಂಡು “ನಮ್ಮ ಕೋಟೆ ಮುಂದೆ ಇದ್ಯಾವ ಕಲ್ಲು?” ಎಂದು ದುರ್ಗದ ಮಕ್ಕಳು ಮೂಗು ಮುರಿದರೆ ಆಶ್ಚರ್ಯವಿಲ್ಲ. ಅವರಿಗೆ ಹೇಳಬೇಕಾದುದಿಷ್ಟು: ಸುಮಾರು 300 ಕೋಟಿ ವರ್ಷಗಳ ಹಳೆಯದೆಂದು ಗಣಿಸಲಾದ ಈ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದೇ ಗೌರವ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಬಳಿ, ನೀರಿನಡಿಯಲ್ಲಿ ಹರಿದು ದಿಂಬುಗಳಂತೆ ಗಟ್ಟಿಯಾದ ಲಾವಾ ಶಿಲೆಗಳಿಗೂ ಸಂದಿದೆ. ಬೆಂಗಳೂರು ನೋಡಿಬಂದ ಮಕ್ಕಳಿಗೆ ತಮ್ಮ ಜಿಲ್ಲೆಯನ್ನೂ ನೋಡುವ ಆಸೆ ಹುಟ್ಟಿದರೆ ಪ್ರವಾಸದ ಹಣ ಸಾರ್ಥಕ. ಹಾಗೆಯೇ ಲಾಲ್‌ಬಾಗಿನಿಂದ ಬಸವನಗುಡಿಯ ಕಡೆಗೆ ಹೋಗುವ ವಾಣಿವಿಲಾಸ ರಸ್ತೆಯ ಫಲಕವನ್ನು ಹಿರಿಯೂರಿನ ಮಕ್ಕಳಿಗೆ ಮರೆಯದೆ ತೋರಿಸಬೇಕು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣವಾದ ಅವರ ಮಾರಿಕಣಿವೆ ಜಲಾಶಯಕ್ಕೂ ಈ ರಸ್ತೆಗೂ ಹೆಸರು ಕೊಟ್ಟವರು ಒಬ್ಬರೇ ಮಹಾರಾಣಿ.

ಕತ್ತಲಾದ ಮೇಲೆ ಸಜ್ಜನ್‌ರಾವ್ ವೃತ್ತದ ಬಳಿಯ ತಿಂಡಿಬೀದಿ ಬೆಳಗುತ್ತದೆ. ಹೋಳಿಗೆ, ಪಡ್ಡು, ಬಜ್ಜಿಗಳನ್ನು ಕಣ್ಣೆದುರೇ ಮಾಡಿಕೊಡುವ ಆ ಬೀದಿ ಯುವಕರ ಸ್ವರ್ಗ. ನಿಂತು ತಿನ್ನಲಾರದ ಅಜ್ಜಿಯ ಪಾಲಿಗೆ ಮಾತ್ರ ಮಂಡಿನೋವಿನ ಮೂಲ. ನಿಂತು ತಿನ್ನುವ ದರ್ಶಿನಿಗಳ ಸಂಗತಿಯೂ ಅಷ್ಟೆ. ಅಲ್ಲಿ ತಿಂಡಿ ಅಗ್ಗ, ರುಚಿಯೂ ಉಂಟು. ಆದರೆ ಕುಟುಂಬದಲ್ಲಿ ಅತ್ಯಂತ ವೃದ್ಧರಾದವರು ಕುಳಿತು ಉಣ್ಣಬಲ್ಲ ಜಾಗವೇ ಇಡೀ ಕುಟುಂಬದ ಹೋಟೆಲು ಎಂಬ ನಿಯಮ ಪಾಲಿಸಿದರೆ ಯಾರೂ ಕೆಡುವುದಿಲ್ಲ.

ಮೂರನೆಯ ದಿನ ನೇರಳೆ ಮಾರ್ಗ. ವಿಧಾನಸೌಧದ ಮುಂದೆ ನಿಂತಾಗ ಒಂದು ಮಾತನ್ನು ಮಕ್ಕಳಿಗೆ ಹೇಳಬಹುದು: 1956ರ ನವೆಂಬರ್ 1ರಂದು ಕನ್ನಡ ನಾಡು ಒಂದುಗೂಡಿದಾಗ ಅದರ ಮೊದಲ ಮುಖ್ಯಮಂತ್ರಿಯಾದ ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ನಡೆಸಿದವರು. ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ, 1962ರಲ್ಲಿ ನೆಹರೂ ಅವರು ಉದ್ಘಾಟಿಸಿದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವಿದೆ. ಯಂತ್ರಗಳನ್ನು ಕಂಡ ಹುಡುಗರನ್ನು ಅಲ್ಲಿಂದ ಹೊರಡಿಸುವುದೇ ಪ್ರಯಾಸ. ಒಂದು ಬೆಳಗಿಗೆ ಅದೊಂದೇ ಸಾಕು. ಮಧ್ಯಾಹ್ನದ ಭೋಜನಕ್ಕೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರು ಆರಂಭಿಸಿದ ಸಂಸ್ಥೆ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಅಭಾವವಾದಾಗ ರವೆ ಇಡ್ಲಿ ಹುಟ್ಟಿದುದು ಅಲ್ಲಿಯೇ ಎಂದು ಪ್ರತೀತಿ. ಸೋಮವಾರ ಅದಕ್ಕೆ ರಜೆ. ಬೆಳಗಿನ ತಿಂಡಿಯನ್ನು ಕಡಿಮೆ ಮಾಡಿಕೊಂಡು ಹೋದವರಿಗೆ ಮಾತ್ರ ಅಲ್ಲಿಯ ಊಟದ ಕೊನೆಯವರೆಗೂ ಉಸಿರು ಉಳಿದೀತು. ಸಂಜೆಗೆ ಅಲ್ಲಿಂದ ದೂರವೇನೂ ಇಲ್ಲದ ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕವಿದೆಯೇ ಎಂದು ವಿಚಾರಿಸಬಹುದು. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಕ್ಷತ್ರಗಳ ಕೆಳಗೆ ಕುಳಿತು ನಾಟಕ ನೋಡಿ ಅಭ್ಯಾಸವಿರುವ ಹೊಸದುರ್ಗದವರಿಗೆ ರಾಜಧಾನಿಯ ರಂಗಭೂಮಿ ಅಪರಿಚಿತವೆನಿಸದು.

ಇನ್ನುಳಿದುದು ಬಂಧುಗಳ ಪ್ರಶ್ನೆ. “ನಮ್ಮ ಮನೆಗೆ ಬಂದು ಹೋಟೆಲಿನಲ್ಲಿ ಉಣ್ಣುವುದೇ?” ಎಂಬ ಆಕ್ಷೇಪಣೆ ಬಂದೇ ಬರುತ್ತದೆ. ಅದು ಪ್ರೀತಿಯ ಆಕ್ಷೇಪಣೆ. ಅದಕ್ಕೆ ಉತ್ತರವೂ ಪ್ರೀತಿಯದೇ ಆಗಿರಬೇಕು. ಹೊಸದುರ್ಗದ ದಾಳಿಂಬೆಯನ್ನೋ ಹೊಳಲ್ಕೆರೆಯ ತೆಂಗಿನಕಾಯಿಯನ್ನೋ ಮನೆಯಾಕೆಯ ಕೈಗಿತ್ತು, “ರಾತ್ರಿಯ ಊಟ ನಿಮ್ಮಲ್ಲಿ, ಹಗಲಿನದು ಹೊರಗೆ, ನೀವೂ ನಮ್ಮ ಜೊತೆ ಬರಬೇಕು” ಎಂದು ಮೊದಲ ದಿನವೇ ಹೇಳಿಬಿಟ್ಟರೆ ಯಾರ ಮನಸ್ಸೂ ನೋಯದು.

ಹೊಳಲ್ಕೆರೆಯ ಉಪಾಧ್ಯಾಯರು ಮರುವರ್ಷ ಹಾಗೆಯೇ ಮಾಡಿದರು. ಸಿಂಕಿನ ಮಾತು ಹೇಗೋ ಅವರ ಕಿವಿಗೂ ಬಿದ್ದಿತ್ತು. ಈ ಬಾರಿ ಹಾಳೆಯನ್ನೂ ಪೆನ್ನನ್ನೂ ಹೆಂಡತಿಯ ಕೈಗೇ ಕೊಟ್ಟರು. ಅವಳ ಪಟ್ಟಿಯಲ್ಲಿದ್ದುದು ನಾಲ್ಕೇ ಸಾಲು. ಗಾಂಧಿಬಜಾರಿನಲ್ಲಿ ಅತ್ತಿಗೆ ನಾದಿನಿಯರು ಎದುರುಬದುರಾಗಿ ಕುಳಿತರು. ಬೆಂಗಳೂರಿನಲ್ಲೇ ಇಪ್ಪತ್ತು ವರ್ಷ ಬಾಳಿದ ನಾದಿನಿ, ಹೀಗೆ ಕುಳಿತು ತಿಂಡಿ ತಿಂದು ಎಷ್ಟು ಕಾಲವಾಯಿತೋ ಎಂದಳು. ತಟ್ಟೆಗಳು ಬಂದವು. ತಾನು ಕಾವಲಿಯ ಮುಂದೆ ನಿಲ್ಲದೆ ಬಂದ ದೋಸೆಯನ್ನು ಅತ್ತಿಗೆ, ಆರುವ ಮೊದಲೇ, ನಿಧಾನವಾಗಿ ತಿಂದು ಮುಗಿಸಿದಳು. ಸರ್ವರನು ಬಂದು ವಾಡಿಕೆಯಂತೆ, “ಇನ್ನೇನು ಕೊಡ್ಲಿ ಅಮ್ಮಾ?” ಎಂದು ಕೇಳಿದ.

ದಿನಕ್ಕೆ ಹತ್ತು ಸಲ ತಾನು ಇತರರಿಗೆ ಕೇಳುತ್ತಿದ್ದ ಪ್ರಶ್ನೆ ಅದು. ತನಗೇ ಬಂದಾಗ ಥಟ್ಟನೆ ಉತ್ತರ ಹೊಳೆಯದೆ ಅವಳು ನಾದಿನಿಯ ಮುಖ ನೋಡಿ ನಕ್ಕಳು. ಆಮೇಲೆ ಯೋಚಿಸಿ, “ಒಂದು ಕಾಫಿ. ಬೈ ಟು ಬೇಡ, ಪೂರ್ತಿ ಒಂದು” ಎಂದಳು.