ಡಬ್ಬಿಗೆ ಡಬ್ಬಿ, ಕಡ್ಡಿಗೆ ಕಡ್ಡಿ

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತರುವ ರೈತನಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಡಬ್ಬಿ ಬೇರೆ, ಕಡ್ಡಿ ಬೇರೆ. ಡಬ್ಬಿ ಗಿಡ್ಡ, ದಪ್ಪ, ಒಳಗೆ ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಎರಡನ್ನೂ ಒಂದೇ ರಾಶಿಗೆ ಸುರಿದರೆ ದರ ಕಟ್ಟುವುದು ಹೇಗೆ? ಡಬ್ಬಿಯನ್ನು ಡಬ್ಬಿಯ ಪಕ್ಕದಲ್ಲಿ, ಕಡ್ಡಿಯನ್ನು ಕಡ್ಡಿಯ ಪಕ್ಕದಲ್ಲಿ ಇಟ್ಟಾಗಲೇ ಯಾವುದು ಮೇಲು ಎಂದು ಹೇಳಲು ಬರುತ್ತದೆ.

ಮೋಟರ್ ಸೈಕಲ್ ರೇಸಿನಲ್ಲಿ ‘ಕ್ಲಾಸ್’ ಎನ್ನುತ್ತಾರಲ್ಲ, ಅದೂ ಇದೇ. 200 ಸಿಸಿ ಗಾಡಿಯನ್ನೂ 100 ಸಿಸಿ ಗಾಡಿಯನ್ನೂ ಒಟ್ಟಿಗೆ ಓಡಿಸಿದರೆ ಗೆದ್ದದ್ದು ಹುಡುಗನೋ, ಇಂಜಿನ್ನೋ, ಅಪ್ಪನ ಕಿಸೆಯೋ ತಿಳಿಯುವುದಿಲ್ಲ. ಮಕ್ಕಳೇ, ಸಿಸಿ ಎಂದರೆ ಇಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ ಓಡಾಡುವ ಜಾಗದ ಅಳತೆ, ಘನ ಸೆಂಟಿಮೀಟರಿನಲ್ಲಿ. 100 ಸಿಸಿ ಎಂದರೆ ಹೋಟೆಲಿನ ಒಂದು ಸಣ್ಣ ಲೋಟ ಚಹಾದಷ್ಟು ಜಾಗ. ಅಷ್ಟರಲ್ಲೇ ಅದು ಇಬ್ಬರನ್ನೂ ಒಂದು ಹಾಲಿನ ಕ್ಯಾನನ್ನೂ ಹೊತ್ತು ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುತ್ತದೆ.

ಈ ವಾರ ರೇಸಿನ ಮಾತು ಯಾಕೆ ಬಂತು? ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಇದೆಯಲ್ಲ, ಅಲ್ಲಿ ಸಂಜೆ ಹೊತ್ತು ಸೈಲೆನ್ಸರ್ ಕಿತ್ತ ಗಾಡಿಯ ಸದ್ದು ಕೇಳದವರು ಯಾರು? ಮುಂದಿನ ಚಕ್ರ ಎತ್ತಿ ಓಡಿಸುವ ಹುಡುಗರನ್ನು ಕಂಡು ಅಜ್ಜಂದಿರು ಬೈಯುತ್ತಾರೆ, ಮೊಮ್ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಬೈಗುಳದಿಂದ ಆ ಆಸೆ ಸಾಯುವುದಿಲ್ಲ. ದೀಪಾವಳಿ ಬಂದರೆ ಕೊಬ್ಬರಿ ಹೋರಿಯ ಹಿಂದೆ ಓಡುವ ಸೀಮೆ ನಮ್ಮದು. ಓಟದ ಹುಚ್ಚು ಮಣ್ಣಿನಲ್ಲೇ ಇದೆ. ಆದರೆ ಅದಕ್ಕೆ ಹೆದ್ದಾರಿ ಜಾಗವಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ರೇಸು ಕಟ್ಟುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಅಪ್ರಾಪ್ತನ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ, 2019ರ ತಿದ್ದುಪಡಿಯಂತೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ನಮ್ಮ ತಮ್ಮ ಚಲೋ ಓಡಿಸ್ತಾನ’ ಎಂದು ಹೆಮ್ಮೆಯಿಂದ ಚಾವಿ ಕೊಡುವ ಅಜ್ಜಂದಿರು ಈ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಆಸೆಗೆ ದಾರಿ ಯಾವುದು? ಸಣ್ಣ ಗಾಡಿಗಳ, ಸಣ್ಣ ಖರ್ಚಿನ, ಕಲಿಯುವವರ ಕ್ಲಾಸು. ಇದು ಹೊಸದೇನೂ ಅಲ್ಲ. ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್ ಕಂಪನಿ 1994ರಲ್ಲೇ ಎಲ್ಲರಿಗೂ ಒಂದೇ ಮಾದರಿಯ ಗಾಡಿ ಕೊಟ್ಟು ನಡೆಸುವ ‘ಒನ್ ಮೇಕ್’ ರೇಸು ಶುರು ಮಾಡಿತು. ಎಲ್ಲರ ಗಾಡಿಯೂ ಒಂದೇ ಆದರೆ ದುಬಾರಿ ಇಂಜಿನ್ ಕೊಂಡು ಗೆಲ್ಲುವ ದಾರಿ ಮುಚ್ಚಿತು. ಮೋಟರ್ ಸೈಕಲ್ ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎಂ 2021ರಲ್ಲಿ ಮಕ್ಕಳಿಗಾಗಿ ‘ಮಿನಿ ಜಿಪಿ’ ಶುರು ಮಾಡಿತು. 10ರಿಂದ 14 ವಯಸ್ಸಿನವರಿಗೆ ಇಟಲಿಯ ಓವಾಲೆ ಕಂಪನಿಯ 160 ಸಿಸಿ ಪುಟ್ಟ ಗಾಡಿ. ಓಟ ಗೋ-ಕಾರ್ಟ್ ಓಡಿಸುವ ಚಿಕ್ಕ ಟ್ರ್ಯಾಕಿನ ಮೇಲೆ. 2022ರಲ್ಲಿ ಅದು ಭಾರತಕ್ಕೂ ಬಂತು. ಆ ವರ್ಷ ಗೆದ್ದವನು ಬೆಂಗಳೂರಿನ ಹುಡುಗ ಶ್ರೇಯಸ್ ಹರೀಶ್.

ಆ ಹೆಸರು ಬರೆದ ಮೇಲೆ ಮುಂದಿನ ಮಾತನ್ನೂ ಬರೆಯಲೇಬೇಕು. ಮಕ್ಕಳೇ, ಇದನ್ನು ಅಜ್ಜ ಅಜ್ಜಿಯರ ಪಕ್ಕ ಕೂತು ಓದಿ. 2023ರ ಆಗಸ್ಟ್ 5ರಂದು ಚೆನ್ನೈ ಹತ್ತಿರದ ದೊಡ್ಡ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಹೊಸಬರ ರೇಸಿನಲ್ಲಿ, ಮೊದಲ ತಿರುವು ದಾಟುವಾಗ ಶ್ರೇಯಸ್ ಬಿದ್ದ. ತಲೆಗೆ ಪೆಟ್ಟಾಯಿತು. ಓಟವನ್ನು ಕೂಡಲೇ ನಿಲ್ಲಿಸಿದರು, ಆಂಬುಲೆನ್ಸ್ ಅಲ್ಲಿಯೇ ಇತ್ತು. ಆದರೂ ಅವನು ಉಳಿಯಲಿಲ್ಲ. ಅವನ ವಯಸ್ಸು 13.

ಇದು ಒಂದು ದೇಶದ ಕಥೆಯಲ್ಲ. 2021ರಲ್ಲಿ ಯುರೋಪಿನ ಟ್ರ್ಯಾಕುಗಳಲ್ಲಿ 14, 15 ಮತ್ತು 19 ವಯಸ್ಸಿನ ಮೂವರು ಸವಾರರು ಸತ್ತರು. ಆಮೇಲೆ ಎಫ್‌ಐಎಂ ಗ್ರ್ಯಾನ್ ಪ್ರಿ ಮಟ್ಟದ ಓಟಗಳಿಗೆ 2023ರಿಂದ ಕನಿಷ್ಠ ವಯಸ್ಸು 18 ಎಂದು ಗೊತ್ತುಮಾಡಿತು.

ನಾನು ಬ್ಯಾಂಕಿನ ಲೆಡ್ಜರಿನಲ್ಲಿ ದಿನ ಕಳೆದವನು. ಯಾವ ಯೋಜನೆ ಕಂಡರೂ ಮೊದಲು ಖರ್ಚಿನ ಬಾಬತ್ತುಗಳನ್ನು ಎರಡು ಸಾಲಿನಲ್ಲಿ ಬರೆಯುವ ಅಭ್ಯಾಸ: ಕಡಿಮೆ ಮಾಡಬಹುದಾದ್ದು, ಮುಟ್ಟಬಾರದ್ದು. ರೇಸಿನ ಖರ್ಚನ್ನು ಹೀಗೆ ಬರೆದರೆ ಮುಟ್ಟಬಾರದ ಸಾಲು ಬೇಗ ತುಂಬುತ್ತದೆ. ಗಲ್ಲದವರೆಗೆ ಮುಚ್ಚುವ ಐಎಸ್‌ಐ ಗುರುತಿನ ಹೆಲ್ಮೆಟ್, ಅದೂ ಅವರವರ ತಲೆಯ ಅಳತೆಯದ್ದು. ಕೈಗವಸು, ಗಟ್ಟಿ ಜಾಕೆಟ್, ಕಣಕಾಲು ಮುಚ್ಚುವ ಬೂಟು. ವೈದ್ಯರು, ಆಂಬುಲೆನ್ಸ್, ವಿಮೆ. ಜನ ಒಳಗೆ ನುಗ್ಗದಂತೆ ತಡೆ; ಹೋರಿ ಹಬ್ಬದಲ್ಲಿ ದಾರಿಗೇ ನುಗ್ಗಿ ಪ್ರಾಣ ಕಳೆದುಕೊಂಡವರ ಸುದ್ದಿ ಓದಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕಡಿಮೆ ಮಾಡುವುದು ಏನನ್ನು? ಎಲ್ಲಕ್ಕಿಂತ ಮೊದಲು ವೇಗವನ್ನು. ಇಂಜಿನ್, ಟೈರು, ಪೆಟ್ರೋಲು, ದೊಡ್ಡ ಟ್ರ್ಯಾಕು ಎಲ್ಲದರ ಖರ್ಚೂ ವೇಗದ ಜೊತೆಗೇ ಏರುತ್ತದೆ. ಅಪಾಯ ಅದಕ್ಕಿಂತ ಜೋರಾಗಿ ಏರುತ್ತದೆ. ಲೆಕ್ಕ ನೋಡಿ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಡಿಗೆ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ನಿಲ್ಲಲು ಸುಮಾರು 5 ಮೀಟರ್ ಬೇಕು. 60ರ ವೇಗಕ್ಕೆ 10 ಮೀಟರ್ ಎಂದಿರಾ? ಅಲ್ಲ, 20 ಮೀಟರ್. ವೇಗ ಎರಡು ಪಟ್ಟಾದರೆ ಗಾಡಿಯೊಳಗಿನ ಚಲನಶಕ್ತಿ ನಾಲ್ಕು ಪಟ್ಟು. ಅಪಾಯ ಕಂಡು ಬ್ರೇಕಿಗೆ ಕೈ ಹೋಗುವ ಒಂದು ಸೆಕೆಂಡನ್ನೂ ಸೇರಿಸಿದರೆ 30ರ ವೇಗದಲ್ಲಿ ಸುಮಾರು 13 ಮೀಟರ್, 60ರಲ್ಲಿ 37 ಮೀಟರ್. ಹಣದ ಉಳಿತಾಯವೂ ಜೀವದ ಉಳಿತಾಯವೂ ಒಂದೇ ಬಾಬತ್ತಿನಲ್ಲಿ ಸಿಗುವುದು ಅಪರೂಪ. ಇಲ್ಲಿ ಸಿಗುತ್ತದೆ.

ವೇಗ ಇಲ್ಲದ ರೇಸು ಎಂಥದು ಎಂದು ಹುಡುಗರು ನಗಬಹುದು. ಅವರಿಗೆ ನಮ್ಮ ಖಾಲಿ ಗಾಡಾ ಓಟ ನೆನಪಿಸುತ್ತೇನೆ. ಅಲ್ಲಿ ಹತ್ತು ಜೋಡೆತ್ತು ಒಟ್ಟಿಗೆ ನುಗ್ಗುವುದಿಲ್ಲ. ಒಂದೊಂದೇ ಜೋಡಿ ಓಡುತ್ತದೆ, ಒಂದು ನಿಮಿಷದಲ್ಲಿ ಎಷ್ಟು ಅಡಿ ಹೋಯಿತು ಎಂದು ಅಳೆಯುತ್ತಾರೆ. ಸ್ಪರ್ಧೆ ಗಡಿಯಾರದ ಜೊತೆ. ಆದರೂ ಶಿಳ್ಳೆಗೆ ಕೊರತೆ ಇಲ್ಲ. ಜಪಾನಿನಲ್ಲಿ ಮೋಟರ್ ಸೈಕಲ್ಲಿಗೂ ಇಂಥದೇ ಆಟ ಇದೆ. ಹೆಸರು ಜಿಮ್ಖಾನಾ, ಪದ ಹುಟ್ಟಿದ್ದು ಮಾತ್ರ ನಮ್ಮ ದೇಶದಲ್ಲಿ. ಬಯಲಿನಲ್ಲಿ ಕೋನುಗಳನ್ನು ಇಟ್ಟಿರುತ್ತಾರೆ. ಒಬ್ಬೊಬ್ಬನೇ ಸವಾರ ಅವುಗಳ ನಡುವೆ ಬಳಸಿ, ತಿರುಗಿ, ಸುತ್ತಿ ಬರಬೇಕು. ಕೋನು ತಾಗಿದರೆ, ಕಾಲು ನೆಲಕ್ಕೆ ಊರಿದರೆ ಸಮಯಕ್ಕೆ ದಂಡ ಸೇರುತ್ತದೆ. ಹಿಂದಿನಿಂದ ಬಂದು ಗುದ್ದುವವರಿಲ್ಲ. ತಿರುವುಗಳು ಎಷ್ಟು ಬಿಗಿ ಎಂದರೆ ದೊಡ್ಡ ಇಂಜಿನ್ ಇದ್ದರೂ ಅದನ್ನು ಬಿಚ್ಚಿ ಓಡಿಸಲು ಜಾಗವೇ ಇರುವುದಿಲ್ಲ. ಗೆಲ್ಲುವುದು ಕ್ಲಚ್ಚು, ಬ್ರೇಕು, ಕಣ್ಣು ಮತ್ತು ತಾಳ್ಮೆ.

ನಮ್ಮ ಜಿಲ್ಲೆಯಲ್ಲಿ ಮೊದಲ ಕ್ಲಾಸು ಶುರುವಾದರೆ ಹೀಗೇ ಆಗಲಿ. ಗಾಡಿ 100 ಸಿಸಿಯದ್ದು, ಎಲ್ಲ ತಾಲ್ಲೂಕಿನ ಗ್ಯಾರೇಜಿನಲ್ಲೂ ಬಿಡಿಭಾಗ ಸಿಗುವಂಥದ್ದು. ಅದರ ಬಲ ಸುಮಾರು 8 ಅಶ್ವಶಕ್ತಿ, ಕಲಿಯಲು ಸಾಕೋಸಾಕು. ಗಾಡಿ ಸಂಘದ್ದು, ಸವಾರನದ್ದಲ್ಲ. ಹಳೆಯ ಗಾಡಿ ಒಂದಕ್ಕೆ 40,000 ರೂಪಾಯಿ ಎಂದು ಇಟ್ಟುಕೊಳ್ಳಿ. ಇಪ್ಪತ್ತು ಜನ ತಲಾ ಒಂದು ಕೊಂಡರೆ 8 ಲಕ್ಷ. ಒಬ್ಬೊಬ್ಬರೇ ಓಡುವುದರಿಂದ ಒಂದು ಗಾಡಿ, ಅದು ಕೆಟ್ಟರೆ ಇನ್ನೊಂದು, ಎರಡೇ ಸಾಕು. 80,000 ರೂಪಾಯಿಯನ್ನು ಇಪ್ಪತ್ತು ಜನಕ್ಕೆ ಹಂಚಿದರೆ ತಲಾ 4,000. ಉಳಿದ ದುಡ್ಡು ಮುಟ್ಟಬಾರದ ಸಾಲಿಗೆ ಹೋಗಲಿ. ಜಾಗಕ್ಕೆ ಕಂಬ, ಗೋಡೆ, ಚರಂಡಿ ಇಲ್ಲದ ಸಮತಟ್ಟಾದ ಗಟ್ಟಿ ಬಯಲು ಬೇಕು. ಬೇಲಿ, ಬಾಗಿಲು ಇರಬೇಕು. ನಿಯಮಕ್ಕೆ ದೇಶದಲ್ಲಿ ಸ್ಪರ್ಧೆಯ ಲೈಸೆನ್ಸ್ ಕೊಡುವ ಎಫ್‌ಎಂಎಸ್‌ಸಿಐ ಇದೆ. ಅದರ ಮಾನ್ಯತೆಯ ಕ್ಲಬ್ಬಿನವರನ್ನು ಕರೆಸಿ, ಪೊಲೀಸರಿಗೂ ಜಿಲ್ಲಾಡಳಿತಕ್ಕೂ ತಿಳಿಸಿ, ಒಪ್ಪಿಗೆ ಪಡೆದು ಮಾಡಬೇಕು. ಇದರಲ್ಲಿ ಚಲೋ ಕಲಿತವರು ಮುಂದೆ ದೊಡ್ಡ ಊರಿನ ಟ್ರ್ಯಾಕಿಗೆ ಹೋಗಲಿ, ಒಂದೊಂದೇ ಮೆಟ್ಟಿಲು ಹತ್ತಿ.

ಶಾಲೆಯ ಮಕ್ಕಳು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಶನಿವಾರ ಮಧ್ಯಾಹ್ನ ಹೆಡ್‌ಮಾಸ್ತರರ ಅಪ್ಪಣೆ ಕೇಳಿ ಶಾಲೆಯ ಬಯಲಿನಲ್ಲಿ ಆರು ಪ್ಲಾಸ್ಟಿಕ್ ಬಾಟಲಿಗಳಿಗೆ ಮಣ್ಣು ತುಂಬಿ, ಐದೈದು ಹೆಜ್ಜೆಗೆ ಒಂದರಂತೆ ಸಾಲಾಗಿ ಇಡಿ. ಒಂದೇ ಸೈಕಲ್ಲು, ಎಲ್ಲರಿಗೂ ಅದೇ. ತಲೆಗೆ ಹೆಲ್ಮೆಟ್. ಬಾಟಲಿಗಳ ನಡುವೆ ಹಾವಿನಂತೆ ಹೋಗಿ, ಕೊನೆಯದನ್ನು ಸುತ್ತಿ ಹಿಂದಿರುಗಿ. ಬಾಟಲಿ ಬಿದ್ದರೆ ಒಂದು ಸೆಕೆಂಡ್ ದಂಡ, ಕಾಲು ಊರಿದರೆ ಇನ್ನೊಂದು. ಗಡಿಯಾರ ಅಜ್ಜನ ಕೈಯಲ್ಲಿರಲಿ, ಬರೆಯುವ ವಹಿ ಅಜ್ಜಿಯ ಕೈಯಲ್ಲಿ. ತಲಾ ಮೂರು ಸುತ್ತು ಮುಗಿದ ಮೇಲೆ ವಹಿ ತೆಗೆದು ನೋಡಿ: ಮೊದಲು ಬಂದವರು ಜೋರಾಗಿ ತುಳಿದವರೋ, ಬಾಟಲಿ ಬೀಳಿಸದವರೋ? ಉತ್ತರವನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಿ.