ಸಿಸ್ಟರ್, ನಿಮ್ಮ ಮಾತಿಗೂ ತೂಕವಿದೆ

ರಾತ್ರಿ ಎರಡು ಗಂಟೆ. ಬೆಳಗ್ಗೆಯಷ್ಟೇ ಹೊಟ್ಟೆಯ ಆಪರೇಷನ್ ಆದ ರೋಗಿಗೆ ಏನೋ ಚಡಪಡಿಕೆ. ಬಿಪಿ ಹೆಚ್ಚೇನೂ ಇಳಿದಿಲ್ಲ. ಆದರೆ ನಾಡಿಬಡಿತ 80ರಿಂದ 110ಕ್ಕೆ ಏರಿದೆ, ಕೈಕಾಲು ತಣ್ಣಗಿದೆ, ಮೂತ್ರ ಕಡಿಮೆಯಾಗಿದೆ. ಒಳಗೆಲ್ಲೋ ರಕ್ತಸ್ರಾವ ಆಗ್ತಿರಬಹುದು. ಬಿಪಿ ಕುಸಿಯಲಿ ಎಂದು ಕಾದರೆ ತಡವಾಗಿಬಿಡುತ್ತದೆ. ಡ್ಯೂಟಿ ಡಾಕ್ಟರ್ ಈಗಷ್ಟೇ ಮಲಗಿದ್ದಾರೆ. ಎಬ್ಬಿಸಬೇಕೋ, ಬೇಡವೋ? ನಿರ್ಧರಿಸಬೇಕಾದವಳು ವಾರ್ಡಿನಲ್ಲಿರುವ ನರ್ಸ್ ಒಬ್ಬಳೇ.

‘ನರ್ಸ್ ಅಂದ್ರೆ ಡಾಕ್ಟರ್ ಹೇಳಿದ್ದನ್ನು ಮಾಡೋಳು ತಾನೆ?’ ಅಂತ ನಾವು ಸಲೀಸಾಗಿ ಹೇಳಿಬಿಡ್ತೇವೆ. ಔಷಧ ಬರೆಯುವವರು ವೈದ್ಯರು, ನಿಜ. ಆದರೆ ದಿನದ 24 ಗಂಟೆಯೂ ರೋಗಿಯ ಮೇಲೆ ಕಣ್ಣಿಡುವವರು ನರ್ಸ್‌ಗಳು. ಯಾರನ್ನು ಮೊದಲು ನೋಡಬೇಕು, ಯಾವ ಬದಲಾವಣೆ ಗಂಭೀರ, ಯಾವಾಗ ಫೋನ್ ಮಾಡಬೇಕು... ಇವೆಲ್ಲ ಅವರದೇ ನಿರ್ಧಾರ.

ಇದಕ್ಕೆ ಓದೊಂದೇ ಸಾಲದು. ‘ಇದು ನನ್ನಿಂದಾಗುತ್ತೆ’ ಅನ್ನುವ ನಂಬಿಕೆಯೂ ಬೇಕು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಈ ನಂಬಿಕೆಯ ಬೇರುಗಳನ್ನು ಗುರುತಿಸಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ಕಣ್ಣಾರೆ ಕಾಣುವುದು, ಬೆನ್ನು ತಟ್ಟುವ ಮಾತು, ಎದೆ ಡವಗುಟ್ಟಿದರೂ ಸಾವರಿಸಿಕೊಳ್ಳುವುದು. ಅಂದರೆ ಇದು ಹುಟ್ಟಿನಿಂದ ಬರುವ ವರವೇನಲ್ಲ, ಬೆಳೆಸಬಹುದು. ಹಾಗೇ ಚಿವುಟಲೂಬಹುದು! ‘ಇಷ್ಟಕ್ಕೆಲ್ಲ ಯಾಕೆ ಎಬ್ಬಿಸಿದ್ರಿ?’ ಎಂದು ಒಮ್ಮೆ ಗದರಿಸಿಕೊಂಡವಳು ಮುಂದಿನ ಸಲ ಫೋನ್ ಎತ್ತಲು ಹಿಂಜರಿಯದಿರುತ್ತಾಳೆಯೇ?

ಹಾಗಂತ ಬರೀ ಧೈರ್ಯವಿದ್ದರೆ ಸಾಕೇ? ‘ನಂಗೆಲ್ಲಾ ಗೊತ್ತು’ ಅನ್ನೋ ಹುಂಬತನ ಅಂಜಿಕೆಗಿಂತಲೂ ಅಪಾಯ. ಅದಕ್ಕೆ ಲಗಾಮು ಹಾಕುವುದು ವೃತ್ತಿಪರತೆ. ಇಂಜೆಕ್ಷನ್ ಕೊಡುವ ಮುಂಚೆ ರೋಗಿಯ ಹೆಸರು, ಔಷಧ, ಪ್ರಮಾಣವನ್ನು ಮತ್ತೊಮ್ಮೆ ನೋಡುವುದು, ಗೊತ್ತಿಲ್ಲದ್ದನ್ನು ಕೇಳುವುದು, ಆದದ್ದನ್ನು ಆದ ಹಾಗೆಯೇ ಬರೆದಿಡುವುದು. ಇನ್ನು ಶಿಸ್ತಿದ್ದೂ ನಂಬಿಕೆ ಇಲ್ಲದಿದ್ದರೆ? ಚಾರ್ಟ್‌ನಲ್ಲಿ ಅಂಕಿಗಳು ನೀಟಾಗಿರುತ್ತವೆ, ಡಾಕ್ಟರನ್ನು ಮಾತ್ರ ಯಾರೂ ಎಬ್ಬಿಸಿರುವುದಿಲ್ಲ. ಎರಡೂ ಜೊತೆಗಿದ್ದಾಗಲೇ ಜೀವ ಉಳಿಯುವುದು.

ಹೀಗೆ ಮಾಡಿ ನೋಡಿ

* ಹೊಸದಾಗಿ ಡ್ಯೂಟಿಗೆ ಸೇರಿದ ತಂಗಿಯರೇ, ‘ಸರ್, ಪೇಷೆಂಟ್ ಯಾಕೋ ಸರಿಯಿಲ್ಲ’ ಎಂದಷ್ಟೇ ಹೇಳಬೇಡಿ. ಈಗ ಏನಾಗಿದೆ, ಹಿನ್ನೆಲೆ ಏನು, ನಿಮಗೇನು ಅನ್ನಿಸುತ್ತದೆ, ಅವರಿಂದ ಏನಾಗಬೇಕು ಎಂಬ ನಾಲ್ಕನ್ನೂ ಕ್ರಮವಾಗಿ ಹೇಳಿ. ಅಂಕಿಅಂಶವಿದ್ದ ಮಾತಿಗೆ ತೂಕ ಜಾಸ್ತಿ.

* ಹಿರಿಯ ಸಿಸ್ಟರ್‌ಗಳೇ, ಕಿರಿಯಳು ತಪ್ಪು ಅಂದಾಜು ಮಾಡಿದ್ದರೆ ರೋಗಿಗಳ ಎದುರು ಬೈಯಬೇಡಿ. ಪಕ್ಕಕ್ಕೆ ಕರೆದು, ಏಕೆ ಹಾಗನ್ನಿಸಿತು ಎಂದು ಕೇಳಿ, ತಿದ್ದಿ. ಕೇಳಲು ಹೆದರುವ ಹುಡುಗಿ ತಪ್ಪನ್ನೂ ಮುಚ್ಚಿಡುತ್ತಾಳೆ.

* ಇನ್ನು ನಾವು, ರೋಗಿಯ ಮನೆಯವರು. ‘ಏಯ್ ಸಿಸ್ಟರ್, ಬಾ ಇಲ್ಲಿ’ ಎಂದು ಏಕವಚನದಲ್ಲಿ ಕೂಗುವ ಚಾಳಿ ಬಿಡೋಣ. ಸರಕಾರಿ ಆಸ್ಪತ್ರೆಗಳಲ್ಲಿ ಅವರ ಹುದ್ದೆಗೆ ಈಗ ‘ಶುಶ್ರೂಷಾಧಿಕಾರಿ’ ಎಂಬ ಹೆಸರಿದೆ. ಹೆಸರಿನ ಜೊತೆ ನಮ್ಮ ನಡವಳಿಕೆಯೂ ಬದಲಾಗಬೇಡವೇ? ನಮ್ಮವರ ಉಸಿರಾಟದಲ್ಲಿ, ಮಾತಿನಲ್ಲಿ ವ್ಯತ್ಯಾಸ ಕಂಡರೆ ಅವರಿಗೆ ತಿಳಿಸೋಣ. ಅವರ ನಿರ್ಧಾರಕ್ಕೆ ಅದೂ ಆಧಾರ.

ಮಗಳನ್ನು ನರ್ಸಿಂಗ್‌ಗೆ ಸೇರಿಸುವಾಗ ‘ತಗ್ಗಿ ಬಗ್ಗಿ ನಡಿಯಮ್ಮ’ ಎಂದು ಬುದ್ಧಿ ಹೇಳಿ ಕಳಿಸುವ ಅಮ್ಮಂದಿರೇ, ಜೊತೆಗೆ ಇನ್ನೊಂದು ಮಾತು ಸೇರಿಸಿ: ‘ಅನುಮಾನ ಬಂದ್ರೆ ಸುಮ್ನಿರಬೇಡ, ಬಾಯಿಬಿಟ್ಟು ಹೇಳು.’ ಯಾರದೋ ಮನೆಯ ದೀಪ ಆ ಒಂದು ಮಾತಿನಿಂದ ಉಳಿದೀತು.